ಗುಜರಿಗೂ ಮ್ಯೂಸಿಯಂಗೂ ನಡುವೆ

ಕುದೇರು ಡೇರಿ ಕಡೆಯಿಂದ ಸಂತೇಮರಹಳ್ಳಿಗೆ ಈಗ ಒಂದು ಅಂಬಾಸಿಡರ್ ಹೊರಟರೆ ಹುಡುಗರು ಮೊಬೈಲ್ ಎತ್ತಿ ಫೋಟೊ ತೆಗೆಯುತ್ತಾರೆ. ಮದುವೆ ದಿಬ್ಬಣಕ್ಕೂ ಹೆರಿಗೆಗೂ ಬಾಡಿಗೆಗೆ ಬರುತ್ತಿದ್ದ ಕಾಲದಲ್ಲಿ ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಓರಗೆಯ ಕಾರುಗಳೆಲ್ಲ ಗುಜರಿ ಸೇರಿದ ಮೇಲೆಯೇ ಉಳಿದ ಒಂದಕ್ಕೆ ಬೆಲೆ ಬರುವುದು.

ನಮ್ಮ ಕಾನೂನು ಎಡವಿರುವುದೂ ಇಲ್ಲೇ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನಗಳ ನಿಯಮ ಸ್ವಾಗತಾರ್ಹ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪ ಕೆಡದೆ ಉಳಿದ ಗಾಡಿಗೆ 20,000 ರೂಪಾಯಿ ಕಟ್ಟಿದರೆ ‘ವಿಎ’ ಅಕ್ಷರಗಳ ನಂಬರ್ ಸಿಗುತ್ತದೆ. ಆದರೆ ಸ್ವಂತ ಕಾರಿನ ಆರ್‌ಸಿ ಅವಧಿ ಮುಗಿಯುವುದು 15 ವರ್ಷಕ್ಕೆ. ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ನಡುವಿನ 35 ವರ್ಷ ಆ ಕಾರನ್ನು ಕಾಯುವವರು ಯಾರು? ಕುದೇರಿನಂಥ ಊರಿನ ರೈತನ ಕೊಟ್ಟಿಗೆಯಲ್ಲಿ ನಿಂತ ಕಾರು ಅಷ್ಟರೊಳಗೆ ಕಬ್ಬಿಣದ ತೂಕಕ್ಕೆ ಹೋಗಿರುತ್ತದೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮೊದಲ ಮಾರುತಿ 800ಗಳಿಗೂ 2033ರವರೆಗೆ ಈ ಮರ್ಯಾದೆ ಇಲ್ಲ.

ವಿರಳವಾದುದೆಲ್ಲ ಸಂಗ್ರಹಯೋಗ್ಯ ಎನ್ನುವಂತೆಯೂ ಇಲ್ಲ. 80ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ‘ಡಾಲ್ಫಿನ್’ ಎಂಬ ಪುಟ್ಟ ಕಾರು ಮಾಡಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಫೈಬರ್ ಬಾಡಿ, 848 ಸಿಸಿ ಎಂಜಿನ್. ತುಕ್ಕು ಹಿಡಿಯದ ಮೈ, ಹಗುರ ತೂಕ; ರೇಸಿನವರು ಅದನ್ನು ಮೆಚ್ಚಿದರು. ಮಾರುತಿಯ ಮುಂದೆ ಅದು ನಿಲ್ಲಲಿಲ್ಲ. ನಮ್ಮದೇ ನೆಲದಲ್ಲಿ ತಯಾರಾದ ಕಾರು, ಈಗ ಕಾಣಸಿಗುವುದೇ ಅಪರೂಪ. ಆದರೂ ಅಂಬಾಸಿಡರ್‌ಗೆ ಸಿಗುವ ಅಕ್ಕರೆ ಅದಕ್ಕಿಲ್ಲ, ಏಕೆಂದರೆ ಅದರಲ್ಲಿ ಕೂತು ಮದುವೆಗೆ ಹೋದವರೇ ಕಡಿಮೆ. ನನಗಂತೂ ಇದು ಅನ್ಯಾಯವೆನಿಸುತ್ತದೆ.

ಇನ್ನು ‘ರೆಸ್ಟೋರೇಷನ್’ ಹೆಸರಿನಲ್ಲಿ ನಡೆಯುವ ಕೆಲಸ. ಹಳೆಯ ಅಂಬಾಸಿಡರ್‌ನ ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರ್ ಕಿತ್ತು ಫ್ಲೋರ್ ಗೇರ್ ಹಾಕುತ್ತಾರೆ. ಎಡಗಾಲಿನಲ್ಲಿ ಒತ್ತುತ್ತಿದ್ದ ಡಿಪ್ ಸ್ವಿಚ್ ಹೋಗುತ್ತದೆ, ಉದ್ದನೆಯ ಮುಂದಿನ ಸೀಟು ಎರಡಾಗುತ್ತದೆ, ಚಕ್ರಕ್ಕೆ ಅಲಾಯ್ ಬರುತ್ತದೆ. ಡ್ರೈವರ್ ಪಕ್ಕ ಇಬ್ಬರು ಒತ್ತಿಕೊಂಡು ಕೂರುತ್ತಿದ್ದರು, ಅದಕ್ಕೇ ಆ ಸೀಟು, ಅದಕ್ಕೇ ಆ ಗೇರ್. ಅವನ್ನು ತೆಗೆದ ಮೇಲೆ ಉಳಿಯುವುದು ಹೊಳೆಯುವ ತಗಡು. ಹಳ್ಳಿಯ ಕಾರಿಗಾದರೆ ಮೇಲಿನ ಕ್ಯಾರಿಯರ್, ಸವೆದ ಪೆಡಲ್, ಮಾಲೀಕರ ಹೆಸರುಗಳು ಸಾಲಾಗಿ ಬಿದ್ದ ಆರ್‌ಸಿ ಬುಕ್ಕು ಎಲ್ಲವೂ ಇರಲೇಬೇಕು.

ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ಮ್ಯೂಸಿಯಂನಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳಿವೆ. ಅಂಥ ದೊಡ್ಡ ಸಂಗ್ರಹಕ್ಕೆ ದೊಡ್ಡ ಆಸರೆಯೇ ಬೇಕು. ಊರೂರಲ್ಲಿ ಒಂದೊಂದಾಗಿ ನಿಂತಿರುವ ಕಾರುಗಳಿಗೆ ಬೇಕಾದುದು ನಿಯಮದಲ್ಲಿ ಒಂದು ಸಣ್ಣ ತಿದ್ದುಪಡಿ. ಹಳೆ ವಾಹನಗಳ ಜಾಗತಿಕ ಒಕ್ಕೂಟ ‘ಫೀವಾ’ 30 ವರ್ಷ ತುಂಬಿದ, ಮೂಲ ರೂಪದಲ್ಲಿ ಕಾಪಾಡಿಕೊಂಡು ಬಂದ, ನಿತ್ಯದ ಓಡಾಟಕ್ಕೆ ಬಳಸದ ವಾಹನವನ್ನು ಐತಿಹಾಸಿಕ ಎಂದು ಒಪ್ಪುತ್ತದೆ. ನಾವೂ 30ಕ್ಕೆ ಇಳಿಸಿದರೆ 90ರ ದಶಕದ ಮೊದಲ ವರ್ಷಗಳ ಪದ್ಮಿನಿ, ಅಂಬಾಸಿಡರ್, ಮಾರುತಿಗಳಿಗೆ ಈಗಲೇ ಆ ಮರ್ಯಾದೆ ಸಿಗುತ್ತದೆ.