ಕ್ಯಾಸೆಟ್ಟಿನ ವೇಗ, ದನಿಯ ಪಾಠಶುದ್ಧಿ

ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ನೆಲೆಯನ್ನು ಬಿಟ್ಟುಕೊಟ್ಟ ಕೊಲ್ಹಾರದಂಥ ಕೃಷ್ಣಾತೀರದ ಊರುಗಳಿಗೆ ಭಜನೆ, ಡೊಳ್ಳಿನ ಹಾಡು, ಶ್ರೀಕೃಷ್ಣ ಪಾರಿಜಾತ, ಪುರಾಣ ಪ್ರವಚನಗಳ ಹಳೆಯ ಕ್ಯಾಸೆಟ್ಟುಗಳು ಬರಿಯ ಮನರಂಜನೆಯ ಸರಕಲ್ಲ. ಮುಳುಗಿದ ಊರಿನ ಹಾಡಿಕೆಗೆ ಉಳಿದ ನೇರ ಸಾಕ್ಷ್ಯಗಳು. ಅವುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಸ್ವಾಗತಾರ್ಹವಾದರೂ, ಓಟದ ವೇಗವನ್ನು ಪರೀಕ್ಷಿಸದೆ ಇಳಿಸಿದ ದನಿಯನ್ನು ಹಾಡಿದವರ ದನಿಯೆಂದು ಒಪ್ಪಲಾಗದು.

1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ ಸುಮಾರು 4.76 ಸೆಂ.ಮೀ. ಓಡಬೇಕು. ಸೆಲ್ಲು ಇಳಿದ ಟೇಪ್ ರೆಕಾರ್ಡರಿನಲ್ಲಿ ಅದು ನಿಧಾನವಾಗಿ ಓಡಿದ್ದರೆ, ಸರಿಯಾಗಿ ಓಡುವ ಯಂತ್ರದಲ್ಲಿ ಕೇಳುವಾಗ ಲಯ ಚುರುಕಾಗುವುದರೊಂದಿಗೆ ಶ್ರುತಿಯೂ ಏರುತ್ತದೆ, ವ್ಯತ್ಯಾಸ ಶೇ. 6ರಷ್ಟಾದರೆ ಹಾರ್ಮೋನಿಯಂನ ಬಿಳಿ ಒಂದರಲ್ಲಿ ಹಾಡಿದ್ದು ಕರಿ ಒಂದರಲ್ಲಿ ಕೇಳಿಸುತ್ತದೆ. ಇದನ್ನು ತಿದ್ದಲು ಆಡಾಸಿಟಿಯಂಥ ತಂತ್ರಾಂಶಗಳಲ್ಲಿ ಎರಡು ದಾರಿಗಳಿವೆ. ವೇಗ ಮತ್ತು ಶ್ರುತಿಯನ್ನು ಒಟ್ಟಿಗೆ ಬದಲಿಸುವುದು ಟೇಪಿನ ದೋಷಕ್ಕೆ ತಕ್ಕ ಪರಿಹಾರ. ಶ್ರುತಿಯನ್ನು ಹಾಗೆಯೇ ಇಟ್ಟು ಲಯವನ್ನಷ್ಟೇ ಎಳೆಯುವುದು ದನಿಯನ್ನು ತುಣುಕು ಮಾಡಿ ಮತ್ತೆ ಜೋಡಿಸುವ ಕ್ರಮವಾದುದರಿಂದ, ತಾಳ ಡಗ್ಗಾಗಳ ಪೆಟ್ಟು ಮಸಕಾಗುತ್ತದೆ, ತಪ್ಪು ಶ್ರುತಿಯೂ ಉಳಿಯುತ್ತದೆ.

ಎಷ್ಟು ತಿದ್ದಬೇಕೆಂಬುದಕ್ಕೆ ಕಿವಿಯ ಅಂದಾಜೊಂದೇ ಸಾಲದು. ಧ್ವನಿವರ್ಧಕದ ಮೂಲಕ ಟೇಪಿಗೆ ಸೇರಿದ ವಿದ್ಯುತ್ತಿನ ಗುಂಯ್‌ಗುಡುವಿಕೆಯ ಆವರ್ತನ 50 ಹರ್ಟ್ಸ್ ಇರಬೇಕಾದಲ್ಲಿ 53 ಎಂದು ಅಳತೆಗೆ ಸಿಕ್ಕರೆ ಅದೊಂದು ಆಧಾರ. ಆದರೆ ಅಂದಿನ ವಿದ್ಯುಜ್ಜಾಲದಲ್ಲಿ ಆವರ್ತನವೇ 50ಕ್ಕಿಂತ ಕೆಳಗಿಳಿಯುವುದು ಅಪರೂಪವಾಗಿರಲಿಲ್ಲವಾದ್ದರಿಂದ, ಹಾರ್ಮೋನಿಯಂನ ಶ್ರುತಿ, ಹಾಡುಗಾರರನ್ನು ಎದುರು ಕೂತು ಕೇಳಿದ ಹಿರಿಯರ ನೆನಪು ಇವೆರಡನ್ನೂ ಅದರ ಜೊತೆಗಿಟ್ಟು ತೂಗಬೇಕು. ಸೆಲ್ಲು ಕ್ರಮೇಣ ಇಳಿದ ಧ್ವನಿಮುದ್ರಣದಲ್ಲಿ ದೋಷವೂ ಕ್ರಮೇಣ ಹೆಚ್ಚುವುದರಿಂದ, ಇಡೀ ಟೇಪಿಗೆ ಒಂದೇ ಅಂಕಿಯನ್ನು ಹಚ್ಚುವುದು ಅರ್ಧ ತಿದ್ದುಪಡಿಯಷ್ಟೇ.

ಕೊಲ್ಹಾರವಿರುವ ವಿಜಯಪುರ ಜಿಲ್ಲೆಗೆ ಪಾಠಸಂಪಾದನೆ ಹೊಸದಲ್ಲ; ಓಲೆಗರಿಗಳನ್ನು ಹುಡುಕಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಫ.ಗು. ಹಳಕಟ್ಟಿಯವರ ಕರ್ಮಭೂಮಿ ಇದು. ಹಸ್ತಪ್ರತಿಯನ್ನು ಕಾಪಾಡಿ, ತಿದ್ದಿದ ಪಾಠವನ್ನು ಬೇರೆಯಾಗಿ ಕೊಡುವ ಸಂಪಾದನೆಯ ಶಿಸ್ತು ಟೇಪಿಗೂ ಸಲ್ಲಬೇಕು: ಏನನ್ನೂ ತಿದ್ದದ ಮೂಲಪ್ರತಿಯನ್ನು 96 ಕಿಲೋಹರ್ಟ್ಸ್, 24 ಬಿಟ್‌ನ ವೇವ್ ಕಡತವಾಗಿ (ಸ್ಟೀರಿಯೊ ಆದರೆ ಗಂಟೆಗೆ ಸುಮಾರು 2 ಜಿಬಿ) ಇಟ್ಟು, ಕೇಳುವ ಪ್ರತಿಯಲ್ಲಿ ಶೇಕಡಾ ಎಷ್ಟು, ಯಾವ ಆಧಾರದ ಮೇಲೆ ತಿದ್ದಲಾಯಿತೆಂದು ಬರೆಯಬೇಕು. ಈ ಟಿಪ್ಪಣಿಯಿಲ್ಲದೆ ಗೊರಗೊರ ಸದ್ದನ್ನೂ ಅಳಿಸಿ ಎಂಪಿ3 ಮಾಡಿ ಹಂಚುವ ಈಗಿನ ರೂಢಿ ಕೇಳುಗರಿಗೆ ಹಿತವಾಗಿರಬಹುದು, ಅಧ್ಯಯನಕ್ಕೆ ಮಾತ್ರ ನೆರವಾಗದು. ಮೂಲಪ್ರತಿ ಉಳಿದರೆ ಇಂದಿನ ತಪ್ಪನ್ನು ಮುಂದಿನವರು ತಿದ್ದಬಲ್ಲರು, ಅದು ಅಳಿದರೆ ತಪ್ಪೇ ಪ್ರಮಾಣವಾಗಿ ನಿಲ್ಲುತ್ತದೆ.