ನೀಲಗಿರಿ ಎಣ್ಣೆಗೂ ಅಳತೆಯುಂಟು

ನೆಗಡಿಯಾದರೆ ಬಿಸಿನೀರಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ, ಮಗು ಕೆಮ್ಮಿದರೆ ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿದ ಕರ್ಪೂರ, ಹಲ್ಲುನೋವಿಗೆ ಲವಂಗದ ಎಣ್ಣೆ. ನಮ್ಮ ಮನೆಗಳಲ್ಲಿ ಇವನ್ನೆಲ್ಲ ಯಾರೂ ಔಷಧಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ‘ಬೇರೇನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ’ ಎಂದು ಡಾಕ್ಟರು ಕೇಳಿದಾಗ ಇವುಗಳ ಹೆಸರು ಬಾಯಿಗೇ ಬರುವುದಿಲ್ಲ. ಈಚೆಗೆ ಲ್ಯಾವೆಂಡರ್, ಟೀ ಟ್ರೀ ಸೀಸೆಗಳೂ ಡಿಫ್ಯೂಸರ್ ಸಮೇತ ಅದೇ ಕಪಾಟು ಸೇರಿವೆ. ಈ ಬಳಕೆಯ ಮೇಲೆ ನನ್ನ ತಕರಾರು ಒಂದೇ. ಈ ಎಣ್ಣೆಗಳು ಗುಣ ಮಾಡುತ್ತವೆ ಎಂದು ಗಟ್ಟಿಯಾಗಿ ನಂಬುವವರೇ ಅವುಗಳಿಗೆ ಅಳತೆ ಬೇಕು ಎಂದರೆ ನಕ್ಕುಬಿಡುತ್ತಾರೆ. ಮೈಮೇಲೆ ಪರಿಣಾಮ ಬೀರುವಷ್ಟು ಶಕ್ತಿ ಇರುವ ವಸ್ತುವಿಗೆ ಮಿತಿ ಮೀರಿದಾಗ ಕೆಡುಕು ಮಾಡುವ ಶಕ್ತಿಯೂ ಇರಲೇಬೇಕಲ್ಲ.

‘ಗಿಡದಿಂದ ಬಂದದ್ದು, ಏನೂ ಆಗುವುದಿಲ್ಲ’ ಎಂಬ ಮಾತನ್ನು ಎಣ್ಣೆ ತಯಾರಾಗುವ ಜಾಗದಲ್ಲೇ ಪರೀಕ್ಷಿಸಬೇಕು. ನೀಲಗಿರಿ ಬೆಟ್ಟಗಳ ಬಟ್ಟಿಗಳಲ್ಲಿ ದೊಡ್ಡ ಡ್ರಮ್ಮಿಗೆ ಸೊಪ್ಪು ತುಂಬಿ, ಅಡಿಗೆ ಬೆಂಕಿ ಹಾಕಿ, ಮೇಲೆದ್ದ ಹಬೆಯನ್ನು ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯ ಮೂಲಕ ಹಾಯಿಸುತ್ತಾರೆ. ಆ ತುದಿಯಲ್ಲಿ ಇಳಿದ ನೀರಿನ ಮೇಲೆ ತೇಲುವ ತೆಳುಪದರವೇ ಎಣ್ಣೆ. ನೂರು ಕಿಲೋ ಸೊಪ್ಪಿಗೆ ಸಿಗುವುದು ಒಂದೆರಡು ಕಿಲೋ. ಔಷಧ ದರ್ಜೆಯ ಎಣ್ಣೆಯಲ್ಲಿ ಸಿನಿಯೋಲ್ ಎಂಬ ಒಂದೇ ರಾಸಾಯನಿಕ ಶೇ. 70ಕ್ಕಿಂತ ಕಡಿಮೆ ಇರುವಂತಿಲ್ಲ. ಯಾವ ಗಿಡವೂ ತಾನಾಗಿ ಈ ಸಾಂದ್ರತೆಯಲ್ಲಿ ಏನನ್ನೂ ನಮ್ಮ ಕೈಗಿಡುವುದಿಲ್ಲ. ‘ಅಜ್ಜಿಯ ಕಾಲದಿಂದ ಬಳಸುತ್ತಿದ್ದೇವೆ’ ಎನ್ನುವವರಿಗೂ ಉತ್ತರ ಇಲ್ಲೇ ಇದೆ: ನೀರಿನಲ್ಲಿ ಹಿಡಿ ಸೊಪ್ಪು ಕುದಿಸುವುದು ಬೇರೆ, ರಾಶಿ ಸೊಪ್ಪಿನ ಸಾರವನ್ನು ಸೀಸೆಯಿಂದ ಸುರಿಯುವುದು ಬೇರೆ. ಅಂದಹಾಗೆ, ಆ ಮರ ಆಸ್ಟ್ರೇಲಿಯದ್ದು. ಊಟಿಯ ಕಡೆ ಅದನ್ನು ನೆಟ್ಟದ್ದು 1843ರ ಸುಮಾರಿಗೆ. ಆರತಿ ತಟ್ಟೆಯ ಕರ್ಪೂರದ ಬಿಲ್ಲೆಯೂ ಇಂದು ಬಹುಪಾಲು ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ತಯಾರಾಗುವಂಥದ್ದು.

ಕರ್ಪೂರದ ವಿಷಯದಲ್ಲಿ ವೈದ್ಯಚರಿತ್ರೆ ಹೇಳುವುದು ದಿಗಿಲು ಹುಟ್ಟಿಸುತ್ತದೆ. 1934ರಲ್ಲಿ ಹಂಗೇರಿಯ ವೈದ್ಯ ಲಾಡಿಸ್ಲಾಸ್ ಮೆಡುನಾ ಮನೋರೋಗಿಗಳಿಗೆ ಬೇಕೆಂದೇ ಫಿಟ್ಸ್ ಬರಿಸಲು ಎಣ್ಣೆಯಲ್ಲಿ ಕರಗಿಸಿದ ಕರ್ಪೂರವನ್ನು ಚುಚ್ಚಿದ. ಮಿದುಳನ್ನು ಕೆರಳಿಸುವ ಅದರ ಗುಣವೇ ಅವನಿಗೆ ಬೇಕಾಗಿತ್ತು. ನಮ್ಮ ಕಾಲದ ಸಾಕ್ಷಿ ಇನ್ನೂ ಹತ್ತಿರದ್ದು. ಬೆಂಗಳೂರಿನ ನರರೋಗ ತಜ್ಞರು ಮುಂದಾಗಿ, ದಕ್ಷಿಣ ಭಾರತದ ಹಲವು ಆಸ್ಪತ್ರೆಗಳಲ್ಲಿ ನಾಲ್ಕು ವರ್ಷ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಫಿಟ್ಸ್ ಬಂದ 350 ವಯಸ್ಕರಲ್ಲಿ 55 ಮಂದಿಯ ಪ್ರಕರಣಕ್ಕೆ ಇಂಥ ಎಣ್ಣೆಗಳ ನಂಟಿತ್ತು, ಮುಖ್ಯವಾಗಿ ನೀಲಗಿರಿ ಮತ್ತು ಕರ್ಪೂರ ಬೆರೆತ ಮುಲಾಮು, ತೈಲಗಳದ್ದು. ‘ಎಲ್ಲರೂ ಮುಲಾಮು ಹಚ್ಚುತ್ತಾರೆ, ಹಾಗಾದರೆ ಎಲ್ಲರಿಗೂ ಫಿಟ್ಸ್ ಬರಬೇಕಿತ್ತು’ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆಸ್ಪತ್ರೆಗೆ ಬಂದವರ ಲೆಕ್ಕದಿಂದ ಊರಿನ ಲೆಕ್ಕ ತೆಗೆಯಲು ಬರುವುದಿಲ್ಲ. ಬಹುಮಂದಿಗೆ ಹಣೆಗೆ ಹಚ್ಚಿದ ಚೂರು ಮುಲಾಮಿನಿಂದ ಏನೂ ಆಗದು, ನಿಜ. ಆದರೆ ಯಾರ ಮಿದುಳು ಸೂಕ್ಷ್ಮ ಎಂಬುದು ಹಚ್ಚುವ ಮೊದಲು ಗೊತ್ತಿರುವುದಿಲ್ಲ. ಫಿಟ್ಸ್ ಇರುವವರಿಗಂತೂ ಈ ಎರಡರ ಸಹವಾಸವೇ ಬೇಡ.

ಇವುಗಳ ಪರವಾಗಿ ಒಳ್ಳೆಯ ಪುರಾವೆಯೂ ಇದೆ, ಅದನ್ನು ಮುಚ್ಚಿಡುವುದು ಅನ್ಯಾಯ. ಕರುಳಿನ ಸೆಳೆತಕ್ಕೆ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲು, ಮೊಡವೆಗೆ ಶೇ. 5ರ ಟೀ ಟ್ರೀ ಜೆಲ್ ಪರೀಕ್ಷೆಗಳಲ್ಲಿ ಫಲ ಕೊಟ್ಟಿವೆ. ಲವಂಗದ ಯೂಜಿನಾಲನ್ನು ದಂತವೈದ್ಯರು ಇಂದಿಗೂ ಬಳಸುತ್ತಾರೆ. ಗಮನಿಸಿ: ಇಲ್ಲೆಲ್ಲ ಪ್ರಮಾಣ ಗೊತ್ತು, ಕೊಡುವ ರೂಪ ಗೊತ್ತು, ಯಾವ ಕಾಯಿಲೆಗೆ ಎಂಬುದೂ ಗೊತ್ತು. ಆ ಫಲಿತಾಂಶದ ಹೆಸರು ಹೇಳಿ ನೀರಿಗೆ ನಾಲ್ಕು ಹನಿ ಹಾಕಿ ಕುಡಿಯಿರಿ ಎನ್ನುವ ಜಾಹೀರಾತು ಪುರಾವೆಯನ್ನು ಬಿಟ್ಟು ಅದರ ಕೀರ್ತಿಯನ್ನಷ್ಟೇ ಎರವಲು ಪಡೆಯುತ್ತದೆ. ಎಣ್ಣೆ ನೀರಿನಲ್ಲಿ ಬೆರೆಯುವುದೂ ಇಲ್ಲ. ಹನಿ ಹನಿಯಾಗಿಯೇ ಗಂಟಲಿಗೆ ಅಂಟಿ ಸುಡುತ್ತದೆ.

ಹಾಗಾದರೆ ಮನೆಯಲ್ಲಿ ಹೇಗೆ? ಮೈಗೆ ಹಚ್ಚುವುದಾದರೆ 30 ಮಿಲಿ ಕೊಬ್ಬರಿ ಎಣ್ಣೆಗೆ ಆರು ಹನಿ, ಅಂದರೆ ಸುಮಾರು ಶೇ. 1. ಡಿಫ್ಯೂಸರನ್ನು ಕಿಟಕಿ ತೆರೆದು ಅರ್ಧ ಗಂಟೆ ಇಟ್ಟರೆ ಧಾರಾಳವಾಯಿತು. ಬೆಕ್ಕು ಸಾಕಿದ ಮನೆಯಲ್ಲಿ ಅದೂ ಬೇಡ, ಇವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಗಾಳಿಯಾಡಿ ಹಳತಾದ ಟೀ ಟ್ರೀ, ಲ್ಯಾವೆಂಡರ್ ಚರ್ಮಕ್ಕೆ ಅಲರ್ಜಿ ತರಿಸುತ್ತವೆ, ದುಬಾರಿ ಎಂದು ಉಳಿಸಿಕೊಳ್ಳಬೇಡಿ. ಕೂಸಿನ ಮೂಗಿನ ಹತ್ತಿರ ಕರ್ಪೂರ, ಮೆಂಥಾಲ್ ಸುಳಿಯಬಾರದು, ಉಸಿರೇ ಕಟ್ಟಬಹುದು. ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು ನೋವಿನ ಮುಲಾಮಿನ ವಾಸನೆಯ ವಿಂಟರ್‌ಗ್ರೀನ್ ಎಣ್ಣೆಗೆ. ಅದರ ಒಂದು ಟೀ ಚಮಚದಲ್ಲಿ ಸುಮಾರು 7 ಗ್ರಾಂ ಆಸ್ಪಿರಿನ್ನಿಗೆ ಸಮನಾದ ವಿಷವಿದೆ. ಪುಟ್ಟ ಮಗುವಿನ ಪ್ರಾಣ ತೆಗೆಯಲು ಅಷ್ಟು ಸಾಕು. ಮಗು ಇಂಥದ್ದೇನಾದರೂ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು, ಎಣ್ಣೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದಾದ್ದರಿಂದ, ಲಕ್ಷಣಕ್ಕಾಗಿ ಕಾಯದೆ ಸೀಸೆಯ ಸಮೇತ ಆಸ್ಪತ್ರೆಗೆ ಓಡಬೇಕು.