ತೊಟ್ಟಿಲಿಗೆ ಬಂದ ಅಡ್ಡಹೆಸರು

ಮೇಸನ್, ಕಾರ್ಟರ್, ಕೂಪರ್ ಇಂದು ಅಮೆರಿಕದಲ್ಲಿ ಗಂಡುಮಕ್ಕಳ ಹೆಸರುಗಳು. ಮೂಲದಲ್ಲಿ ಮೂರೂ ಕಸುಬಿನ ಅಡ್ಡಹೆಸರುಗಳು: ಗೌಂಡಿ, ಚಕ್ಕಡಿ ಹೊಡೆಯುವವ, ಪೀಪಾಯಿ ಮಾಡುವವ. ಹಾರೂಗೇರಿಯಲ್ಲಿ ತೊಟ್ಟಿಲು ಹಾಕುವ ದಿನ ಮಗನಿಗೆ ‘ಬಡಿಗೇರ’, ‘ಕಂಬಾರ’ ಎಂದು ಯಾರಾದರೂ ಹೆಸರಿಟ್ಟಾರೆಯೇ? ಅಲ್ಲಿ ಹೆಸರಿನಿಂದ ಕಸುಬು ಕಳಚಿದೆ. ಇಲ್ಲಿ ಕಸುಬು ಬಿಟ್ಟರೂ ಅಡ್ಡಹೆಸರು ಜಾತಿ ಹೇಳುತ್ತದೆ.

ಅಡ್ಡಹೆಸರನ್ನು ಮಗುವಿಗಿಡುವುದು ನಮಗೂ ಹೊಸದಲ್ಲ. ಹಾವೇರಿಯ ಶಾಸಕರಾಗಿದ್ದ ನೆಹರು ಓಲೇಕಾರರನ್ನೇ ನೋಡಿ. ‘ನೆಹರು’ ಕಾಲುವೆಯ ದಂಡೆಯ ವಾಸದಿಂದ ಬಂದ ಮನೆತನದ ಹೆಸರು, ‘ಓಲೇಕಾರ’ ಓಲೆ ಒಯ್ಯುವ ಕಸುಬಿನದು. ದೂರದ ಕಾಶ್ಮೀರಿ ಅಡ್ಡಹೆಸರು ನಮ್ಮಲ್ಲಿ ಒಬ್ಬ ನಾಯಕನ ನೆನಪಷ್ಟೇ ಆಗಿ ಮುಂದೆ ಬಂತು. ಊರಿನದು ಹಿಂದೆಯೇ ನಿಂತಿತು. ಇಂಥ ಹೆಸರುಗಳನ್ನು ವಿಚಿತ್ರವೆಂದು ನಗುವ ಮೊದಲು ಇದನ್ನು ಗಮನಿಸಬೇಕು: ‘ಬಡಿಗೇರ’ ಬರೀ ಹೆಸರಾಗಿ ಕೇಳಿಸಬೇಕಾದರೆ ಮೊದಲು ಕೇಳುವ ಕಿವಿ ಜಾತಿ ಬಿಡಬೇಕು.